ಆಡಲ್‌ಸ್ಟ್ರಾಪ್ ಎಂಬ ಎರವಿನ ನಿಲ್ದಾಣ

ಲಂಡನ್ ನಗರದ ಪ್ಯಾಡಿಂಗ್‌ಟನ್ ನಿಲ್ದಾಣದಿಂದ ಹೊರಟು, ಆಕ್ಸ್‌ಫರ್ಡನ್ನು ದಾಟಿ, ವೂಸ್ಟರ್ ಪಟ್ಟಣದ ಕಡೆಗೆ ವಾಯವ್ಯಾಭಿಮುಖವಾಗಿ ಸಾಗುವ ರೈಲುದಾರಿಯು ಈವನ್‌ಲೋಡ್ ಎಂಬ ಕಿರುಹೊಳೆಯ ಕಣಿವೆಯನ್ನು ಹಿಡಿದು, ಆ ಹೊಳೆಯನ್ನು ಅಲ್ಲಲ್ಲಿ ದಾಟುತ್ತ, ಮುಂದೆ ಹೋಗಿ ಮರಳಿ ದಾಟುತ್ತ, ಕಾಟ್ಸ್‌ವೋಲ್ಡ್ ಎಂಬ ಸುಣ್ಣಕಲ್ಲಿನ ಗುಡ್ಡನಾಡನ್ನು ಪ್ರವೇಶಿಸುತ್ತದೆ. ಕಿಂಗಮ್ ಮತ್ತು ಮೋರ್ಟನ್-ಇನ್-ಮಾರ್ಷ್ ಎಂಬ ಎರಡು ನಿಲ್ದಾಣಗಳ ನಡುವೆ, ಗಾಡಿ ತಡೆಯಿಲ್ಲದೆ ಓಡುವ ಹಾದಿಯಲ್ಲಿ, ಪ್ರಯಾಣಿಕನ ಕಣ್ಣನ್ನು ಸೆಳೆಯುವಂಥದೇನೂ ಇಲ್ಲದ ಒಂದು ಸ್ಥಳವುಂಟು. ಅಲ್ಲಿ 1853ರಿಂದ 1966ರ ಆರಂಭದವರೆಗೆ, ಒಂದು ಶತಮಾನಕ್ಕೂ ಮಿಕ್ಕು, ಆಡಲ್‌ಸ್ಟ್ರಾಪ್ ಎಂಬ ಹಳ್ಳಿಯ ನಿಲ್ದಾಣವಿತ್ತು. ಇಂಗ್ಲೆಂಡಿನಲ್ಲಿ ಮುಚ್ಚಿಹೋದ ಸಣ್ಣ ನಿಲ್ದಾಣಗಳು ಸಾವಿರಾರು. ಅವುಗಳ ಪೈಕಿ ರೈಲಿನ ವಿಷಯದಲ್ಲಿ ಯಾವ ಆಸಕ್ತಿಯೂ ಇಲ್ಲದ ಸಾಮಾನ್ಯ ಓದುಗನೂ ಬಲ್ಲ ಹೆಸರು ಪ್ರಾಯಶಃ ಇದೊಂದೇ. ಆದರೂ ಇದರ ಚರಿತ್ರೆಯನ್ನು ಸ್ವಲ್ಪ ಸಾವಧಾನವಾಗಿ ನೋಡಿದವರಿಗೆ ಒಂದು ಸಂಗತಿ ವಿಸ್ಮಯವನ್ನುಂಟುಮಾಡದೆ ಇರದು: ಈ ನಿಲ್ದಾಣ ತನ್ನದೆಂದು ಹೇಳಿಕೊಳ್ಳಬಹುದಾದದ್ದು ತೀರ ಸ್ವಲ್ಪ. ಇದರ ಹುಟ್ಟು, ಮೊದಲ ಹೆಸರು, ಬಹುಮಟ್ಟಿಗೆ ಇದರ ಕೀರ್ತಿಯೂ ಕೂಡ ಅನ್ಯರಿಂದ ಎರವಾಗಿ ಬಂದವು. ಕಡೆಗೆ ಇದರ ಮರಣವನ್ನು ಬರೆದದ್ದೂ ದೂರದ ಕಛೇರಿಯೊಂದರ ಲೆಕ್ಕಪುಸ್ತಕ.

ರೈಲು ಬರುವುದಕ್ಕೆ ಮುಂಚೆ ಊರು ಅಜ್ಞಾತವಾಗಿತ್ತೆಂದು ಭಾವಿಸಬಾರದು. ಜೇನುಬಣ್ಣದ ಕಲ್ಲಿನ ಕೆಲವು ಮನೆಗಳು, ಒಂದು ಚರ್ಚು, ಲೀ ಎಂಬ ಜಮೀನುದಾರ ಮನೆತನದ ಒಂದು ಮಹಲು, ಇಷ್ಟೇ ಅಂದಿನ ಆಡಲ್‌ಸ್ಟ್ರಾಪ್. ಕಾದಂಬರಿಗಾರ್ತಿ ಜೇನ್ ಆಸ್ಟೆನ್ನಳ ತಾಯಿ ಈ ಲೀ ವಂಶದವಳು; ಆ ತಾಯಿಯ ಸೋದರಸಂಬಂಧಿ ಥಾಮಸ್ ಲೀ ಎಂಬಾತ ಇಲ್ಲಿಯ ಪಾದ್ರಿ. ಆ ಬಾಂಧವ್ಯದ ನಿಮಿತ್ತ ಆಸ್ಟೆನ್ ಈ ಊರಿಗೆ ಹಲವು ಸಲ ಬಂದಿದ್ದುಂಟು; 1806ರಲ್ಲಿ ತಾಯಿಯೊಡನೆ ಬಂದವಳು ಇಲ್ಲಿಂದಲೇ ಲೀ ಮನೆತನದ ಮತ್ತೊಂದು ಶಾಖೆಯ ವೈಭವದ ಬೀಡಾದ ಸ್ಟೋನ್‌ಲೀ ಅಬೆಗೆ ತೆರಳಿದಳು. ಆ ಕಾಲದಲ್ಲಿ ಹಂಫ್ರಿ ರೆಪ್ಟನ್ ಎಂಬ ಪ್ರಖ್ಯಾತ ಉದ್ಯಾನಶಿಲ್ಪಿ ಇಲ್ಲಿಯ ಭೂಮಿಯನ್ನು ತಿದ್ದಿ, ನೀರಿನ ದಾರಿಯನ್ನು ಬದಲಿಸಿ, ಪ್ರಕೃತಿ ತಾನಾಗಿ ಮಾಡಿದಂತೆ ತೋರುವ ಕೃತಕ ರಮಣೀಯತೆಯನ್ನು ಸೃಷ್ಟಿಸಿದ್ದನು. ಆಸ್ಟೆನ್ನಳ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಕಾದಂಬರಿಯಲ್ಲಿ ಈ ರೆಪ್ಟನ್ನನ ಹೆಸರೂ, ದಿನವೊಂದಕ್ಕೆ ಐದು ಗಿನಿಗಳೆಂಬ ಅವನ ಸಂಭಾವನೆಯೂ ನೇರವಾಗಿಯೇ ಬರುತ್ತವೆ. ನೆಂಟರ ಮನೆಯ ಖರ್ಚುವೆಚ್ಚಗಳು ಆ ತೀಕ್ಷ್ಣಮತಿಯ ಗಮನವನ್ನು ತಪ್ಪಿಸಿಕೊಳ್ಳಲಿಲ್ಲವೆಂದು ಊಹಿಸಿದರೆ ತಪ್ಪಾಗಲಾರದು.

ನಮ್ಮ ಓದುಗರಿಗೆ ಇನ್ನೂ ಪರಿಚಿತವಾದ ಹೆಸರೊಂದು ಈ ಊರಿನ ಮಗ್ಗುಲಲ್ಲೇ ಇದೆ. ಬಂಗಾಳದ ಮೊದಲನೆಯ ಗವರ್ನರ್ ಜನರಲ್ ಆದ ವಾರನ್ ಹೇಸ್ಟಿಂಗ್ಸ್ 1732ರಲ್ಲಿ ಹುಟ್ಟಿದ್ದು ಕೆಲವೇ ಮೈಲಿಗಳಾಚೆಯ ಚರ್ಚಿಲ್ ಎಂಬ ಹಳ್ಳಿಯಲ್ಲಿ. ಅವನ ಪೂರ್ವಿಕರ ಆಸ್ತಿಯಾಗಿದ್ದ, ಆಡಲ್‌ಸ್ಟ್ರಾಪಿಗೆ ಅಂಟಿಕೊಂಡಂತಿರುವ ಡೇಲ್ಸ್‌ಫರ್ಡ್, ಅವನು ಹುಟ್ಟುವ ಮುನ್ನವೇ ಪರರ ಪಾಲಾಗಿತ್ತು. ಏಳು ವರ್ಷದ ಬಾಲಕನು ಹೊಳೆಯ ದಡದಲ್ಲಿ ಮಲಗಿ, ಅದನ್ನು ಎಂದಾದರೂ ಮರಳಿ ಪಡೆದೇ ತೀರುವೆನೆಂದು ಸಂಕಲ್ಪ ಮಾಡಿದನೆಂದು ಮೆಕಾಲೆ ವರ್ಣಿಸಿದ್ದಾನೆ; ಮೆಕಾಲೆಯ ವರ್ಣನೆಗಳಲ್ಲಿ ಚರಿತ್ರೆಯ ಅಂಶವೆಷ್ಟು, ಅಲಂಕಾರದ ಅಂಶವೆಷ್ಟು ಎಂಬುದನ್ನು ಓದುಗರೇ ತೂಗಿಕೊಳ್ಳಬೇಕು. 1780ರಲ್ಲಿ ಹೈದರಾಲಿಯ ಸೈನ್ಯ ಘಟ್ಟಗಳನ್ನಿಳಿದು ಆರ್ಕಾಟಿನ ಬಯಲನ್ನು ಹೊಕ್ಕು, ಪೊಳ್ಳಿಲೂರಿನಲ್ಲಿ ಕಂಪೆನಿಯ ಪಡೆಯೊಂದನ್ನು ನಿರ್ನಾಮ ಮಾಡಿದಾಗ, ಕಲ್ಕತ್ತೆಯಿಂದ ಸರ್ ಐರ್ ಕೂಟನನ್ನು ಸೇನೆಯೊಡನೆಯೂ ದ್ರವ್ಯದೊಡನೆಯೂ ಮದರಾಸಿಗೆ ಅಟ್ಟಿದವನು ಈ ಹೇಸ್ಟಿಂಗ್ಸನೇ. ಆ ಯುದ್ಧವನ್ನು ಮುಗಿಸಿದ 1784ರ ಮಂಗಳೂರಿನ ಒಪ್ಪಂದ ಅವನಿಗೆ ಎಳ್ಳಷ್ಟೂ ರುಚಿಸಲಿಲ್ಲ. ಸ್ವದೇಶಕ್ಕೆ ಹಿಂದಿರುಗಿ 1788ರಲ್ಲಿ, ಅಂದರೆ ಪಾರ್ಲಿಮೆಂಟಿನಲ್ಲಿ ಅವನ ಮೇಲಿನ ದೀರ್ಘ ವಿಚಾರಣೆ ಪ್ರಾರಂಭವಾದ ವರ್ಷದಲ್ಲಿಯೇ, ಡೇಲ್ಸ್‌ಫರ್ಡನ್ನು ಕೊಂಡುಕೊಂಡು ಹೊಸ ಮಹಲನ್ನು ಕಟ್ಟಿಸತೊಡಗಿದನು. ಹಿಮಾಲಯದಾಚೆಯಿಂದ ತರಿಸಿದ ಒಂದು ಚಮರೀಮೃಗ ಅವನ ಬಳಿಯಿತ್ತು. ಜಾರ್ಜ್ ಸ್ಟಬ್ಸ್ ಎಂಬ ಚಿತ್ರಕಾರ ಅದರ ಚಿತ್ರ ಬರೆದಿದ್ದಾನೆ. 1795ರಲ್ಲಿ ನಿರ್ದೋಷಿಯೆಂಬ ತೀರ್ಪನ್ನು ಪಡೆದ ಹೇಸ್ಟಿಂಗ್ಸ್, 1818ರಲ್ಲಿ ಅಲ್ಲಿಯೇ ಮೃತನಾಗಿ ಅಲ್ಲಿಯ ಚರ್ಚಿನಲ್ಲಿಯೇ ಮಣ್ಣಾದನು. ಅವನಾಗಲಿ ಆಸ್ಟೆನ್ನಳಾಗಲಿ ಈ ನಾಡಿಗೆ ಬಂದದ್ದು ಕುದುರೆಯ ಬಂಡಿಯಲ್ಲಿ. ಉಗಿಬಂಡಿ ಬರುವುದಕ್ಕೆ ಇನ್ನೂ ಮೂವತ್ತೈದು ವರ್ಷ ಉಳಿದಿತ್ತು.

ಆ ಬಂಡಿಯನ್ನು ತಂದದ್ದು ಆಡಲ್‌ಸ್ಟ್ರಾಪಿನ ಮೇಲಣ ಪ್ರೀತಿಯೇನೂ ಅಲ್ಲ. ರೈಲಿನ ಷೇರುಗಳ ಹುಚ್ಚು ಇಂಗ್ಲೆಂಡನ್ನೆಲ್ಲ ಆವರಿಸಿದ್ದ 1845ನೆಯ ಇಸವಿಯಲ್ಲಿ, ಆಕ್ಸ್‌ಫರ್ಡ್, ವೂಸ್ಟರ್, ವುಲ್ವರ್‌ಹ್ಯಾಂಪ್ಟನ್ ಎಂಬ ಮೂರು ಊರುಗಳ ಹೆಸರನ್ನು ಹೊತ್ತ ಒಂದು ಕಂಪೆನಿಗೆ ಪಾರ್ಲಿಮೆಂಟಿನ ಅಪ್ಪಣೆ ದೊರೆಯಿತು. ಉತ್ತರದ ಕಲ್ಲಿದ್ದಲು ಮತ್ತು ಕಬ್ಬಿಣದ ಸೀಮೆಯನ್ನು ದಕ್ಷಿಣಕ್ಕೆ ಜೋಡಿಸುವುದು ಕಂಪೆನಿಯ ಉದ್ದೇಶ. ಮಧ್ಯದ ಕುರಿಹುಲ್ಲಿನ ಗುಡ್ಡಗಳು ದಾರಿಗೆ ಅಡ್ಡ ಬಂದ ಭೂಮಿಯಷ್ಟೆ. ಈ ಕಂಪೆನಿಯ ಬೆನ್ನಿಗೆ ನಿಂತಿದ್ದ ಗ್ರೇಟ್ ವೆಸ್ಟರ್ನ್ ರೈಲ್ವೆಯು ತನ್ನ ಎಂಜಿನಿಯರನಾದ ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್ಲನ ಮತದಂತೆ ಏಳು ಅಡಿ ಕಾಲು ಅಂಗುಲದ ವಿಶಾಲ ಹಳಿಯನ್ನು ಬಳಸುತ್ತಿತ್ತು. ದೇಶದ ಉಳಿದ ಭಾಗವೆಲ್ಲ ನಾಲ್ಕಡಿ ಎಂಟೂವರೆ ಅಂಗುಲದ ಹಳಿಗೆ ಒಗ್ಗಿತ್ತು. ಹಳಿ ಬದಲಾಗುವ ಊರುಗಳಲ್ಲಿ ಸಾಮಾನನ್ನೆಲ್ಲ ಒಂದು ಗಾಡಿಯಿಂದ ಮತ್ತೊಂದಕ್ಕೆ ಹೇರಬೇಕಾಗಿದ್ದುದರಿಂದ, ಎರಡು ಪಕ್ಷದವರ ಕಲಹಕ್ಕೆ ಈ ಹೊಸ ದಾರಿ ರಣರಂಗವಾಯಿತು. ಕಡೆಗೆ ಎರಡು ಅಳತೆಗೂ ಒದಗುವಂತೆ ಮೂರನೆಯ ಹಳಿಯನ್ನು ಹಾಕಿದರಾದರೂ, ತಪಾಸಣೆಯ ಗಾಡಿಯನ್ನು ಬಿಟ್ಟರೆ ವಿಶಾಲ ಹಳಿಯ ಮೇಲೆ ಇಲ್ಲಿ ಸಾರ್ವಜನಿಕರ ಗಾಡಿ ಕ್ರಮವಾಗಿ ಓಡಲೇ ಇಲ್ಲ. ಕರಾರಿನ ಅಕ್ಷರವನ್ನು ಪಾಲಿಸಿ ಅದರ ಪ್ರಾಣವನ್ನು ಹೀಗೆ ಹಿಂಡಿ ಹಾಕುವ ವಿದ್ಯೆ ಆ ಕಂಪೆನಿಯ ನಿರ್ದೇಶಕರಿಗೆ ಚೆನ್ನಾಗಿ ಕರಗತವಾಗಿತ್ತು.

ಕಟ್ಟಡದ ಕೆಲಸವೂ ಸುಗಮವಾಗಿ ನಡೆಯಲಿಲ್ಲ. ಹಣವಿಲ್ಲದೆ ಕೆಲಸ ನಿಂತು, ಮತ್ತೆ ಆರಂಭವಾಗಿ, ಚಿಪ್ಪಿಂಗ್ ಕ್ಯಾಂಪ್‌ಡನ್ನಿನ ಹತ್ತಿರ ಗುಡ್ಡವನ್ನು ಕೊರೆಯಬೇಕಾಗಿದ್ದ ಸುರಂಗದ ಬಳಿ ದೊಡ್ಡ ವಿಘ್ನವನ್ನು ಎದುರಿಸಿತು. ಗುತ್ತಿಗೆದಾರ ಮಾರ್ಚಂಟನು ತನಗೆ ಸಲ್ಲಬೇಕಾದ ಹಣ ಸಂದಿಲ್ಲವೆಂದು ಕೆಲಸ ನಿಲ್ಲಿಸಿ, ಜಾಗವನ್ನು ಬಿಟ್ಟುಕೊಡದೆ ಕಾವಲು ಹಾಕಿಸಿದನು. 1851ರ ಜುಲೈ ತಿಂಗಳಿನಲ್ಲಿ ಬ್ರೂನೆಲ್ಲನು ಸ್ವತಃ ಕೂಲಿಯಾಳುಗಳ ದಂಡನ್ನು ಕಟ್ಟಿಕೊಂಡು ಸುರಂಗವನ್ನು ವಶಪಡಿಸಿಕೊಳ್ಳಲು ಹೊರಟನು. ಮ್ಯಾಜಿಸ್ಟ್ರೇಟರು ಬಂದು ದೊಂಬಿಯ ಶಾಸನವನ್ನು ಓದಿ ಚದುರಿಸಲು, ಅಂದಿಗೆ ಹಿಮ್ಮೆಟ್ಟಿದಂತೆ ಮಾಡಿ, ದಾರಿಯ ಬೇರೆ ಬೇರೆ ಕಡೆಗಳಿಂದ ಇನ್ನೂ ಹೆಚ್ಚು ಜನರನ್ನು ಕೂಡಿಸಿಕೊಂಡು ಮರಳಿ ಬಂದನು. ಗುದ್ದಲಿ ಸಲಿಕೆಗಳ ಕಾಳಗದಲ್ಲಿ ಕೈಕಾಲು ಮುರಿದುಕೊಂಡವರಿದ್ದರು. ಸಾವಿರಾರು ಜನರ ಸಂಖ್ಯಾಬಲದ ಮುಂದೆ ಮಾರ್ಚಂಟನು ಸೋತು ರಾಜಿಗೆ ಒಪ್ಪಿದನು. ಆಂಗ್ಲನೆಲದಲ್ಲಿ ಖಾಸಗಿ ಸೈನ್ಯಗಳು ಎದುರುಬದರಾಗಿ ನಿಂತ ಕಡೆಯ ಯುದ್ಧವೆಂದು ಇದನ್ನು ಹೇಳುವ ವಾಡಿಕೆಯುಂಟು. ಸೇತುವೆಗಳನ್ನೂ ಹಡಗುಗಳನ್ನೂ ಕಟ್ಟಿದ ಮಹಾಶಿಲ್ಪಿಯೆಂದು ಬ್ರೂನೆಲ್ಲನನ್ನು ಕೊಂಡಾಡುವವರು ಈ ಅಧ್ಯಾಯವನ್ನು ಸಾಮಾನ್ಯವಾಗಿ ಮಂದಹಾಸದೊಡನೆ ದಾಟಿಬಿಡುತ್ತಾರೆ. ಹಣ ಬಾಕಿಯಿದ್ದದ್ದು ನಿಜವೇ ಸುಳ್ಳೇ ಎಂಬ ಪ್ರಶ್ನೆ ಅವರ ನಗೆಯಲ್ಲಿ ಮುಳುಗಿಹೋಗುತ್ತದೆ. ಮರುವರ್ಷ ಬ್ರೂನೆಲ್ಲನು ಈ ಕಂಪೆನಿಯ ಕೆಲಸವನ್ನು ಬಿಟ್ಟನು. ಜಾನ್ ಫೌಲರ್ ಆ ಸ್ಥಾನಕ್ಕೆ ಬಂದನು.

1853ರ ಜೂನ್ 4ರಂದು ಈವ್‌ಶಮ್ ಪಟ್ಟಣದಿಂದ ಆಕ್ಸ್‌ಫರ್ಡಿನ ಸಮೀಪದ ವರೆಗಿನ ಭಾಗ ತೆರೆಯಿತು. ಆ ವರ್ಷವೇ ಹುಟ್ಟಿದ ನಮ್ಮ ನಿಲ್ದಾಣಕ್ಕೆ ಕಂಪೆನಿಯವರು ಇಟ್ಟ ಹೆಸರು ‘ಆಡಲ್‌ಸ್ಟ್ರಾಪ್ ಮತ್ತು ಸ್ಟೋ ರೋಡ್’. ಸ್ಟೋ-ಆನ್-ದ-ವೋಲ್ಡ್ ಎಂಬುದು ಮೂರು ನಾಲ್ಕು ಮೈಲಿ ದೂರದಲ್ಲಿ, ಸುಮಾರು 800 ಅಡಿ ಎತ್ತರದ ದಿಬ್ಬದ ಮೇಲೆ ಗಾಳಿಗೆ ಎದೆಯೊಡ್ಡಿ ಕುಳಿತ ಪೇಟೆ. ಅದರ ಕುರಿಸಂತೆಗಳು ದೇಶಕ್ಕೆಲ್ಲ ಪ್ರಸಿದ್ಧವಾಗಿದ್ದವು. ಅಂಥ ಎತ್ತರಕ್ಕೆ ಹಳಿಯನ್ನು ಏರಿಸಲಾರದ ಕಂಪೆನಿ, ಪೇಟೆಯ ವ್ಯಾಪಾರವನ್ನು ಮಾತ್ರ ಬಿಡಲಾರದೆ, ಕಣಿವೆಯ ಹಳ್ಳಿಯ ನಿಲ್ದಾಣಕ್ಕೆ ಪೇಟೆಯ ಹೆಸರನ್ನು ಬಾಲವಾಗಿ ಕಟ್ಟಿತು. ಆ ಕಾಲದ ಇಂಗ್ಲೆಂಡಿನ ನಿಲ್ದಾಣಗಳಲ್ಲಿ ‘ರೋಡ್’ ಎಂಬ ಮಾತು ಕಂಡರೆ ಪ್ರಯಾಣಿಕನು ಎಚ್ಚರಗೊಳ್ಳಬೇಕಾಗಿತ್ತು: ಊರು ಇಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಮಾತ್ರ ಇದೆ, ಉಳಿದದ್ದಕ್ಕೆ ಬಂಡಿ ಹಿಡಿಯತಕ್ಕದ್ದು ಎಂಬುದೇ ಅದರ ತಾತ್ಪರ್ಯ. ಹೀಗೆ, ದೊಡ್ಡ ಮನೆಯ ಕಾವಲುಗಾರನನ್ನು ಯಜಮಾನನ ಹೆಸರಿನಿಂದಲೇ ಗುರುತಿಸುವಂತೆ, ಆಡಲ್‌ಸ್ಟ್ರಾಪು ತನ್ನ ಮೊದಲ ಒಂಬತ್ತು ವರ್ಷಗಳನ್ನು ಸ್ಟೋ ಪೇಟೆಯ ಬಾಗಿಲಾಗಿಯೇ ಕಳೆಯಿತು. 1862ರ ಮಾರ್ಚ್ 1ರಂದು ಬೋರ್ಟನ್-ಆನ್-ದ-ವಾಟರ್‌ಗೆ ಒಂದು ಕವಲುದಾರಿ ತೆರೆದು, ಅದರಲ್ಲಿ ಸ್ಟೋ ಪೇಟೆಗೆ ತನ್ನದೇ ಆದ ನಿಲ್ದಾಣ ಬಂದಿತು. ಅದೂ ಗುಡ್ಡದ ಕೆಳಗೆ, ಪೇಟೆಯಿಂದ ದೂರವಾಗಿಯೇ. ಅಂದಿನಿಂದಲೇ ಇಲ್ಲಿಯ ಹಲಗೆಯ ಮೇಲೆ ‘ಆಡಲ್‌ಸ್ಟ್ರಾಪ್’ ಎಂಬಷ್ಟು ಮಾತ್ರ ಉಳಿಯಿತು. ಕಂಪೆನಿಯವರು ಹೆಸರಿನಲ್ಲಿ ಬರೆಯುತ್ತಿದ್ದ ಒಂದು ಹೆಚ್ಚಿನ ಅಕ್ಷರವನ್ನು ತೆಗೆದುಹಾಕಿ ಊರಿನವರ ಬರವಣಿಗೆಗೆ ಹೊಂದಿಸಿದ್ದು 1883ರಲ್ಲಿ. ತನ್ನ ಹೆಸರನ್ನು ಸರಿಯಾಗಿ ಪಡೆಯುವುದಕ್ಕೆ ನಿಲ್ದಾಣ ಮೂವತ್ತು ವರ್ಷ ಕಾಯಬೇಕಾಯಿತು.

ಕಂಪೆನಿಯ ಕೀರ್ತಿ ಅಷ್ಟರಲ್ಲಿ ಹೇಗಿತ್ತೆಂದರೆ, ಅದರ ಮೂರು ಊರುಗಳ ಮೊದಲಕ್ಷರಗಳನ್ನು ಹಿಡಿದು ಜನ ಅದನ್ನು ‘ಓಲ್ಡ್ ವರ್ಸ್ ಅಂಡ್ ವರ್ಸ್’, ಎಂದರೆ ದಿನೇ ದಿನೇ ಕೆಡುತ್ತ ಹೋಗುವ ಮುದಿಗಾಡಿಯೆಂದು ಹಾಸ್ಯ ಮಾಡುತ್ತಿದ್ದರು. ಹಾಸ್ಯ 1858ರ ಆಗಸ್ಟಿನಲ್ಲಿ ಕಹಿಯಾಯಿತು. ಉತ್ತರದ ರೌಂಡ್ ಓಕ್ ಎಂಬಲ್ಲಿ, ವಿಹಾರದ ವಿಶೇಷ ಗಾಡಿಯೊಂದರ ಹಿಂಭಾಗ ಕೊಂಡಿ ಕಳಚಿ ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ, ಬೆನ್ನಿಗೆ ಬರುತ್ತಿದ್ದ ಗಾಡಿಗೆ ಬಡಿದು 14 ಜನ ಸತ್ತರು. 1860ರಲ್ಲಿ ಈ ಕಂಪೆನಿ ವೆಸ್ಟ್ ಮಿಡ್‌ಲ್ಯಾಂಡ್ ರೈಲ್ವೆಯಲ್ಲಿಯೂ, 1863ರಲ್ಲಿ ಅದು ಗ್ರೇಟ್ ವೆಸ್ಟರ್ನ್ ರೈಲ್ವೆಯಲ್ಲಿಯೂ ಲೀನವಾದವು. ಮುಂದಿನ ಎಂಬತ್ತೈದು ವರ್ಷ ಆಡಲ್‌ಸ್ಟ್ರಾಪು ಆ ದೊಡ್ಡ ಕಂಪೆನಿಯ ಸಂಸಾರದಲ್ಲಿ ಬಾಳಿತು.

ಹಳ್ಳಿಗೆ ರೈಲು ತಂದ ಮಾರ್ಪಾಟುಗಳಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಕಾಲದ್ದು. ಅದುವರೆಗೆ ಪ್ರತಿಯೊಂದು ಊರಿನ ಮಧ್ಯಾಹ್ನವೂ ಆ ಊರಿನ ನೆತ್ತಿಯ ಸೂರ್ಯನಿಂದ ಆಗುತ್ತಿತ್ತು. ಆಕ್ಸ್‌ಫರ್ಡು ಲಂಡನ್ನಿಗಿಂತ ಐದು ನಿಮಿಷ, ಇನ್ನೂ ಪಶ್ಚಿಮದಲ್ಲಿರುವ ಈ ಹಳ್ಳಿ ಸುಮಾರು ಆರೂವರೆ ನಿಮಿಷ ಹಿಂದೆ. ವೇಳಾಪಟ್ಟಿಯಿಲ್ಲದೆ ರೈಲಿಲ್ಲ, ಏಕಕಾಲವಿಲ್ಲದೆ ವೇಳಾಪಟ್ಟಿಯಿಲ್ಲ. ಆದ್ದರಿಂದ ಗ್ರೇಟ್ ವೆಸ್ಟರ್ನ್ ಕಂಪೆನಿ 1840ರಿಂದಲೇ ತನ್ನ ಗಡಿಯಾರಗಳನ್ನೆಲ್ಲ ಲಂಡನ್ನಿನ ಕಾಲಕ್ಕೆ ಕಟ್ಟಿತು. ದೇಶಕ್ಕೆಲ್ಲ ಒಂದೇ ಕಾಲವೆಂಬ ಶಾಸನ ಬಂದದ್ದು 1880ರಲ್ಲಿ; ಅಷ್ಟು ಹೊತ್ತಿಗೆ ರೈಲು ಆ ಕೆಲಸವನ್ನು ಮಾಡಿ ಮುಗಿಸಿತ್ತು. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚಿನ ದೇವಾಲಯದಲ್ಲಿ ಇಂದಿಗೂ ಐದು ನಿಮಿಷ ತಡವಾಗಿ ಪ್ರಾರ್ಥನೆ ಪ್ರಾರಂಭವಾಗುವುದು ಆ ಹಳೆಯ ಸೂರ್ಯನ ಮರ್ಯಾದೆಗಾಗಿ. ಇನ್ನುಳಿದಂತೆ, ಇಂಥ ಹಳ್ಳಿಯ ನಿಲ್ದಾಣವೆಂದರೆ ಒಬ್ಬ ಸ್ಟೇಷನ್ ಮಾಸ್ತರು, ಒಂದಿಬ್ಬರು ಪೋರ್ಟರುಗಳು, ಕೈಮರಗಳ ಸನ್ನೆಗೋಲನ್ನು ಎಳೆಯುವ ಸಿಗ್ನಲ್‌ಮನ್, ಕಲ್ಲಿದ್ದಲಿನ ರಾಶಿ, ನಗರಕ್ಕೆ ಹೊರಟ ಹಾಲಿನ ಪಾತ್ರೆಗಳು, ಸಂತೆಯ ದಿನ ಕುರಿದನಗಳ ದೊಡ್ಡಿ. ಹಳ್ಳಿಯ ಹುಡುಗರಿಗೆ ಸರಕಾರಿ ಕೆಲಸದಷ್ಟೇ ಭದ್ರವಾದ, ಸಮವಸ್ತ್ರದ ಗೌರವವೂ ಇದ್ದ ಒಂದು ಉದ್ಯೋಗ ಮೊತ್ತಮೊದಲಿಗೆ ಹೊಲದಾಚೆ ಕಂಡದ್ದು ಇಲ್ಲಿಯೇ.

ಇದಿಷ್ಟೇ ಆಗಿದ್ದರೆ ಆಡಲ್‌ಸ್ಟ್ರಾಪಿನ ಮೇಲೆ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. 1914ರ ಜೂನ್ 24ರಂದು, ಅಂದರೆ ಸರಾಯೆವೋ ನಗರದಲ್ಲಿ ಆಸ್ಟ್ರಿಯದ ಯುವರಾಜನ ಕೊಲೆಯಾಗುವುದಕ್ಕೆ ನಾಲ್ಕು ದಿನ ಮುಂಚೆ, ಎಡ್ವರ್ಡ್ ಥಾಮಸ್ ಎಂಬ ಲೇಖಕನು ಹೆಂಡತಿ ಹೆಲೆನಳೊಡನೆ ಈ ದಾರಿಯಲ್ಲಿ ಪ್ರಯಾಣ ಮಾಡಿದನು. ಥಾಮಸನು ಆಗ ಮೂವತ್ತಾರು ವರ್ಷದವನು. ಸಂಸಾರಭಾರದಿಂದ ಪುಸ್ತಕವಿಮರ್ಶೆಗಳನ್ನೂ ಪ್ರವಾಸಗ್ರಂಥಗಳನ್ನೂ ಜೀವನೋಪಾಯಕ್ಕಾಗಿ ಬರೆದು ಬರೆದು ದಣಿದವನು. ಕವಿಯೆಂಬ ಹೆಸರು ಅವನಿಗಿನ್ನೂ ಇರಲಿಲ್ಲ. ಲೆಡ್‌ಬರಿಯ ಹತ್ತಿರ ಡಿಮಾಕ್ ಸೀಮೆಯಲ್ಲಿ ವಾಸವಾಗಿದ್ದ ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟನನ್ನು ಕಾಣುವುದಕ್ಕೆ ಈ ಪ್ರಯಾಣ. ಥಾಮಸನಿಗೆ ಕಂಡದ್ದನ್ನೆಲ್ಲ ಟಿಪ್ಪಣಿಯ ಪುಸ್ತಕದಲ್ಲಿ ಗುರುತುಹಾಕುವ ಅಭ್ಯಾಸವಿತ್ತು. ಗಾಡಿ ಆಡಲ್‌ಸ್ಟ್ರಾಪಿನಲ್ಲಿ ನಿಂತಾಗ ನೀರುಹಬ್ಬೆಯ ಮರಗಳ ಕಡೆಯಿಂದ ಕರಿಹಕ್ಕಿಗಳ ಸರಣಿಗಾನ ಕೇಳಿಬಂದುದನ್ನು, ಮನುಷ್ಯರಾರೂ ಕಾಣದೆ ಎಂಜಿನ್ನು ಉಗಿ ಬಿಡುವ ಸದ್ದು ಮಾತ್ರ ಇದ್ದುದನ್ನು ಅವನು ಬರೆದುಕೊಂಡನು. ಗಾಡಿ ಮುಂದೆ ಹೋಗಿ ಕ್ಯಾಂಪ್‌ಡನ್ನಿನ ಹೊರಗೆ ಕೈಮರದ ಅಪ್ಪಣೆಗಾಗಿ ಮತ್ತೊಮ್ಮೆ ನಿಂತಿತು. ಉದ್ದ ಹುಲ್ಲಿನ ದಿಬ್ಬ, ಹಳಿಗಳ ಬದಿಯ ಹೂಗಿಡಗಳು, ಯಾರೋ ಒಬ್ಬರು ಗಂಟಲು ಸರಿಮಾಡಿಕೊಂಡದ್ದು, ಎರಡು ಓಟಗಳ ನಡುವೆ ಇಳಿದ ಅಸಾಧಾರಣವಾದ ಮೌನ, ಇವೆಲ್ಲವೂ ಟಿಪ್ಪಣಿಯಲ್ಲಿ ಆ ಎರಡನೆಯ ನಿಲುಗಡೆಗೆ ಸೇರಿದವು.

ಮುಂದಿನ ತಿಂಗಳುಗಳಲ್ಲಿ ಯುದ್ಧ ಪ್ರಾರಂಭವಾಯಿತು. ಥಾಮಸನ ಗದ್ಯದಲ್ಲಿಯೇ ಕಾವ್ಯವಿದೆಯೆಂದು ಹೇಳಿ ಅವನನ್ನು ಪದ್ಯಕ್ಕೆ ತಿರುಗಿಸಿದವನು ಫ್ರಾಸ್ಟ್. 1914ರ ಡಿಸೆಂಬರಿನಲ್ಲಿ ತೊಡಗಿ ಎರಡು ವರ್ಷ ಚಿಲ್ಲರೆಯ ಅವಧಿಯಲ್ಲಿ ಅವನು ಸುಮಾರು 140 ಕವನಗಳನ್ನು ಬರೆದನು; ಅವುಗಳಲ್ಲಿ ಒಂದು, 1915ರ ಜನವರಿಯಲ್ಲಿ, ಕಾಲುಳುಕಿ ಮನೆಯಲ್ಲಿ ಬಿದ್ದುಕೊಂಡಿದ್ದಾಗ ಬರೆದ ಹದಿನಾರು ಸಾಲಿನ ‘ಆಡಲ್‌ಸ್ಟ್ರಾಪ್’. ಅದರಲ್ಲಿ ಎರಡು ನಿಲುಗಡೆಗಳು ಒಂದಾಗಿವೆ. ಕ್ಯಾಂಪ್‌ಡನ್ನಿನ ಹೂವು, ಕ್ಯಾಂಪ್‌ಡನ್ನಿನ ಗಂಟಲ ಸದ್ದು, ಕ್ಯಾಂಪ್‌ಡನ್ನಿನ ಮೌನ ಆಡಲ್‌ಸ್ಟ್ರಾಪಿನ ನಾಮಫಲಕದ ಕೆಳಗೆ ಬಂದು ಸೇರಿದವು. ಒಂದು ಹಕ್ಕಿಯ ಹಾಡು ಎರಡು ಕೌಂಟಿಗಳ ಹಕ್ಕಿಗಳೆಲ್ಲರ ಹಾಡಾಗಿ ಹಬ್ಬಿತು. ಕವನದಲ್ಲಿ ಆ ಎಕ್ಸ್‌ಪ್ರೆಸ್ ಗಾಡಿ ಅಕಸ್ಮಾತ್ತಾಗಿ ನಿಂತಂತೆ ತೋರುತ್ತದೆ. ಆ ವರ್ಷದ ವೇಳಾಪಟ್ಟಿಯನ್ನು ಶೋಧಿಸಿದವರು ಗಾಡಿಗೆ ಇಲ್ಲಿ ಕ್ರಮವಾದ ನಿಲುಗಡೆಯೇ ಇತ್ತೆಂದು ತೋರಿಸಿಕೊಟ್ಟಿದ್ದಾರೆ. ಇಂಥ ಶೋಧನೆಯಿಂದ ಕವನ ಕುಗ್ಗಿತೆಂದು ಮರುಗುವವರೂ, ಕವಿಯನ್ನು ಸುಳ್ಳುಗಾರನೆಂದು ಹಿಡಿದೆವೆಂದು ಹಿಗ್ಗುವವರೂ ಕಾವ್ಯದ ಕೆಲಸವನ್ನು ಅರಿತವರಲ್ಲವೆಂದು ನನ್ನ ಮತ. ನನಗೆ ಇದರಲ್ಲಿ ಸ್ವಾರಸ್ಯವಾಗಿ ಕಾಣುವುದು ಬೇರೆ. ಹುಟ್ಟಿದಾಗ ನೆರೆಯ ಪೇಟೆಯ ಹೆಸರನ್ನು ಎರವಲು ಪಡೆದ ನಿಲ್ದಾಣ, ಅರುವತ್ತು ವರ್ಷಗಳ ಅನಂತರ ಮುಂದಿನ ಪೇಟೆಯ ಮೌನವನ್ನೂ ಎರವಲು ಪಡೆದು ಅಮರವಾಯಿತು; ಮತ್ತು ಇದನ್ನು ಪ್ರಸಿದ್ಧಿಗೆ ತಂದ ಪ್ರಯಾಣಿಕನು ಅಂದು ಇಲ್ಲಿ ಇಳಿಯಲೇ ಇಲ್ಲ.

ಥಾಮಸನು 1915ರ ಜುಲೈಯಲ್ಲಿ ಸೈನ್ಯಕ್ಕೆ ಸೇರಿದನು. ವಯಸ್ಸು, ಸಂಸಾರ ಎರಡೂ ಅವನನ್ನು ತಡೆಯಬಹುದಾಗಿತ್ತು, ತಡೆಯಲಿಲ್ಲ. 1917ರ ಏಪ್ರಿಲ್ 9ರಂದು ಫ್ರಾನ್ಸಿನ ಆರಾಸ್ ಯುದ್ಧದ ಮೊದಲ ದಿನವೇ ಮಡಿದನು. ‘ಆಡಲ್‌ಸ್ಟ್ರಾಪ್’ ಕವನ ‘ನ್ಯೂ ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ ಅಚ್ಚಾದದ್ದು ಆ ತಿಂಗಳ 28ರಂದು. ಯುದ್ಧದ ಒಂದು ಮಾತೂ ಇಲ್ಲದ ಆ ಸಾಲುಗಳನ್ನು ಆಂಗ್ಲರು ಯುದ್ಧಪೂರ್ವದ ಕಡೆಯ ಬೇಸಗೆಯ ಸ್ಮಾರಕವೆಂದು ಓದತೊಡಗಿದುದಕ್ಕೆ ಈ ದಿನಾಂಕಗಳೇ ಕಾರಣ.

ಆ ಯುದ್ಧ ಮುಗಿದಾಗ ಸೈನ್ಯದ ಲಾರಿಗಳು ಅಗ್ಗದ ಬೆಲೆಗೆ ಮಾರಾಟವಾದವು. ಅವುಗಳನ್ನು ಕೊಂಡ ನಿವೃತ್ತ ಸಿಪಾಯಿಗಳು ಹಳ್ಳಿಯ ಬಾಗಿಲಿನಿಂದಲೇ ಸಾಮಾನನ್ನು ಎತ್ತಿ ಸಾಗಿಸತೊಡಗಿದರು. ರೈಲ್ವೆಗೆ, ಯಾರು ಯಾವ ಸರಕನ್ನು ತಂದರೂ ಪ್ರಕಟಿಸಿದ ದರದಲ್ಲಿ ಒಯ್ಯಲೇಬೇಕೆಂಬ ಹಳೆಯ ಕಟ್ಟುಪಾಡಿತ್ತು. ಲಾರಿಯವನು ಲಾಭದ ಸರಕನ್ನು ಆರಿಸಿಕೊಂಡು, ಕಷ್ಟದ ಸರಕನ್ನು ರೈಲಿಗೆ ಬಿಟ್ಟನು. 1948ರಲ್ಲಿ ರೈಲ್ವೆಗಳೆಲ್ಲ ರಾಷ್ಟ್ರದ ಸ್ವತ್ತಾದವು. 1955ರಲ್ಲಿ 1,240 ಮಿಲಿಯನ್ ಪೌಂಡುಗಳ ನವೀಕರಣದ ಯೋಜನೆಯನ್ನು ಘೋಷಿಸಿದರಾದರೂ, ನಷ್ಟ ಇಳಿಯುವ ಬದಲು ಏರಿ 1962ರಲ್ಲಿ ನೂರು ಮಿಲಿಯನ್ ಪೌಂಡುಗಳನ್ನು ಮೀರಿತು.

ಆಗ ಬಂದವನು ಡಾಕ್ಟರ್ ರಿಚರ್ಡ್ ಬೀಚಿಂಗ್. ರಾಸಾಯನಿಕ ಉದ್ಯಮದಿಂದ ವರ್ಷಕ್ಕೆ 24,000 ಪೌಂಡುಗಳ ಸಂಬಳದ ಮೇಲೆ ಕರೆತಂದ ಈ ವಿಜ್ಞಾನಿ, 1961ರ ಏಪ್ರಿಲಿನ ಒಂದು ವಾರದ ಸಂಚಾರವನ್ನು ದೇಶಕ್ಕೆಲ್ಲ ಎಣಿಸಿ, 1963ರ ಮಾರ್ಚಿನಲ್ಲಿ ತನ್ನ ವರದಿಯನ್ನು ಪ್ರಕಟಿಸಿದನು. ಹಳಿಗಳ ಮೂರನೆಯ ಒಂದು ಭಾಗದಲ್ಲಿ ನಡೆಯುವ ಪ್ರಯಾಣ ಒಟ್ಟಿನ ನೂರನೆಯ ಒಂದು ಪಾಲು ಮಾತ್ರ, ನಿಲ್ದಾಣಗಳ ಕೆಳಗಿನ ಅರ್ಧದಿಂದ ಬರುವ ಆದಾಯ ನೂರರಲ್ಲಿ ಎರಡು ಮಾತ್ರ ಎಂಬುದು ಅವನ ಲೆಕ್ಕ. 2,363 ನಿಲ್ದಾಣಗಳನ್ನೂ ಸುಮಾರು 5,000 ಮೈಲಿಗಳ ದಾರಿಯನ್ನೂ ಮುಚ್ಚಬೇಕೆಂಬುದು ಅವನ ಸಲಹೆ. ಲೆಕ್ಕದಲ್ಲಿ ತಪ್ಪಿತ್ತೆಂದು ನಾನು ಹೇಳಲಾರೆ; ಗಾಡಿಗೊಬ್ಬರು ಇಬ್ಬರು ಹತ್ತುವ ನಿಲ್ದಾಣಕ್ಕೆ ಸಿಬ್ಬಂದಿ, ದೀಪ, ಕಲ್ಲಿದ್ದಲುಗಳನ್ನು ಒದಗಿಸುವುದು ನಷ್ಟವೆಂಬುದು ಸ್ಪಷ್ಟ. ಆದರೆ ಆ ಲೆಕ್ಕ ಪ್ರತಿಯೊಂದು ನಿಲ್ದಾಣವನ್ನೂ ಒಂಟಿಯಾಗಿ ತೂಗಿತು. ಹಳ್ಳಿಯಲ್ಲಿ ಹತ್ತಿದವನು ಮುಂದೆ ಲಂಡನ್ನಿನವರೆಗೆ ಕೊಡುವ ಟಿಕೆಟ್ಟಿನ ಹಣ ಮುಖ್ಯದಾರಿಯ ಆದಾಯವೆನಿಸಿ, ಹಳ್ಳಿಯ ಖಾತೆಯಲ್ಲಿ ಖರ್ಚು ಮಾತ್ರ ಉಳಿಯುವ ಅಪಾಯವನ್ನು ಅದು ತಕ್ಕಷ್ಟು ಗಮನಿಸಲಿಲ್ಲ. ಸಿಬ್ಬಂದಿಯನ್ನು ಕಡಿಮೆಮಾಡಿ ಟಿಕೆಟ್ಟನ್ನು ಗಾಡಿಯಲ್ಲಿಯೇ ಕೊಡುವಂಥ ಮಿತವ್ಯಯದ ಉಪಾಯಗಳನ್ನು ಪರೀಕ್ಷಿಸುವ ತಾಳ್ಮೆಯೂ ಇರಲಿಲ್ಲ. ಆಕ್ಷೇಪಣೆ ಎತ್ತಿದ ಗ್ರಾಮಸ್ಥರಿಗೆ ಶಾಸನವು ಕೊಟ್ಟಿದ್ದ ಅವಕಾಶವೂ ಸಂಕುಚಿತವಾದದ್ದು: ಮುಚ್ಚುವುದರಿಂದ ತಮಗಾಗುವ ಕಷ್ಟವನ್ನು ಹೇಳಿಕೊಳ್ಳಬಹುದು, ಅಧಿಕಾರಿಗಳ ಅಂಕಿಗಳನ್ನು ಪ್ರಶ್ನಿಸುವಂತಿರಲಿಲ್ಲ. 1964ರಲ್ಲಿ ಈ ಮುಚ್ಚುವಿಕೆಯನ್ನು ತಡೆಯುವೆವೆಂಬ ಭರವಸೆಯೊಡನೆ ಲೇಬರ್ ಪಕ್ಷ ಅಧಿಕಾರಕ್ಕೆ ಬಂದಿತು, ಮುಚ್ಚುವಿಕೆ ನಿಲ್ಲಲಿಲ್ಲ.

1966ರ ಜನವರಿ 3ರಿಂದ ಆಡಲ್‌ಸ್ಟ್ರಾಪು ಮುಚ್ಚಿತು. ಅದೇ ದಾರಿಯ ಬ್ಲಾಕ್ಲೀ ನಿಲ್ದಾಣಕ್ಕೂ, ಥಾಮಸನಿಗೆ ಮೌನವನ್ನು ಕೊಟ್ಟ ಕ್ಯಾಂಪ್‌ಡನ್ನಿಗೂ ಅದೇ ದಿನ ಬೀಗ ಬಿದ್ದಿತು. ಕ್ಯಾಂಪ್‌ಡನ್ ದೊಡ್ಡ ಪೇಟೆ; ಅದು ನಿಲ್ದಾಣವನ್ನು ಕಳೆದುಕೊಂಡದ್ದು ನಿಜವಾದ ನಷ್ಟ, ಆಡಲ್‌ಸ್ಟ್ರಾಪಿನದು ಬಹುಮಟ್ಟಿಗೆ ಭಾವನೆಯ ನಷ್ಟವೆಂದು ಒಪ್ಪಿಕೊಳ್ಳುವುದೇ ನ್ಯಾಯ. ಆದರೂ ಶೋಕಗೀತೆಗಳು ಹುಟ್ಟಿದ್ದು ಆಡಲ್‌ಸ್ಟ್ರಾಪಿಗಾಗಿಯೇ. ಕಟ್ಟಡಗಳನ್ನು ಕೆಡವಿದರು, ನಾಮಫಲಕವನ್ನೂ ಪ್ಲಾಟ್‌ಫಾರಮಿನ ಒಂದು ಬೆಂಚನ್ನೂ ಗ್ರಾಮಸ್ಥರು ಉಳಿಸಿಕೊಂಡು ಊರಿನ ಬಸ್ ತಂಗುದಾಣದಲ್ಲಿರಿಸಿ, ಥಾಮಸನ ಕವನವನ್ನು ಕೆತ್ತಿದ ಒಂದು ತಗಡನ್ನು ಅಲ್ಲಿ ಹಾಕಿದರು. ರೈಲನ್ನು ಸೋಲಿಸಿದ ಬಸ್ಸಿನ ಮನೆಯಲ್ಲಿ ರೈಲಿನ ಹಲಗೆಗೆ ಆಶ್ರಯ ದೊರೆತದ್ದು ವಿನೋದವೇ ಸರಿ.

ದಾರಿಯಾದರೂ ಉಳಿಯಿತು, ಪ್ರಯಾಸದಿಂದ. 1971ರಲ್ಲಿ ಖರ್ಚು ಉಳಿಸಲು ಇದರ ಬಹುಭಾಗವನ್ನು ಜೋಡಿಹಳಿಯಿಂದ ಒಂಟಿಹಳಿಗೆ ಇಳಿಸಿದರು. ಆಡಲ್‌ಸ್ಟ್ರಾಪಿನ ಮುಂದೆ ಹಾಯುವ ತುಂಡಿನಲ್ಲಿ ಮಾತ್ರ ಜೋಡಿಹಳಿ ಹಾಗೆಯೇ ಇತ್ತು. ನಲವತ್ತು ವರ್ಷದ ಅನಂತರ, ಪ್ರಯಾಣಿಕರು ಹೆಚ್ಚಿ ಗಾಡಿಗಳು ಒಂದನ್ನೊಂದು ಕಾಯುವಂತಾದಾಗ, 2011ರಲ್ಲಿ ಆ ಕಿತ್ತ ಹಳಿಯ ಒಂದು ದೊಡ್ಡ ಭಾಗವನ್ನು ಪುನಃ ಹಾಕಬೇಕಾಯಿತು. 1969ರಲ್ಲಿ ಮುಚ್ಚಿದ ಹನಿಬೋರ್ನ್ ನಿಲ್ದಾಣ 1981ರಲ್ಲಿ ಮತ್ತೆ ತೆರೆಯಿತು. ಬೀಚಿಂಗನ ಅಂಕಿಗಳು ತಮ್ಮ ಕಾಲಕ್ಕೆ ಸರಿಯಾಗಿದ್ದಿರಬಹುದು. ಮುಂದಿನ ಕಾಲವನ್ನು ಅವು ಬಲ್ಲವಾಗಿರಲಿಲ್ಲವೆಂಬುದಕ್ಕೆ ಈ ಒಂದು ದಾರಿಯೇ ಸಾಕ್ಷಿ.

ಥಾಮಸನ ಪ್ರಯಾಣಕ್ಕೆ ನೂರು ವರ್ಷ ತುಂಬಿದ 2014ರ ಜೂನ್ 24ರಂದು ಆಕ್ಸ್‌ಫರ್ಡಿನಿಂದ ಮೋರ್ಟನ್-ಇನ್-ಮಾರ್ಷಿಗೆ ಒಂದು ವಿಶೇಷ ಗಾಡಿಯನ್ನು ಓಡಿಸಿ, ಹಳೆಯ ನಿಲ್ದಾಣದ ಜಾಗದಲ್ಲಿ ಅದನ್ನು ನಿಲ್ಲಿಸಿದರು. ಅದನ್ನು ಬಿಟ್ಟರೆ ಆಡಲ್‌ಸ್ಟ್ರಾಪಿನಲ್ಲಿ ಗಾಡಿಗೆ ನಿಲುಗಡೆಯಿಲ್ಲ. ಆ ಕಡೆಗೆ ಹೋಗುವ ಓದುಗರು ಪ್ಯಾಡಿಂಗ್‌ಟನ್ನಿನಲ್ಲಿ ಕಿಂಗಮ್ಮಿಗೆ ಟಿಕೆಟ್ಟು ಕೊಂಡು, ಅಲ್ಲಿ ಇಳಿದು, ಉಳಿದ ಕೆಲವು ಮೈಲಿಗಳನ್ನು ರಸ್ತೆಯ ಮೇಲೆ ಕ್ರಮಿಸತಕ್ಕದ್ದು. ನಾಮಫಲಕವನ್ನು ರೈಲುದಾರಿಯ ಬದಿಯಲ್ಲಿ ಹುಡುಕದೆ ಊರೊಳಗಿನ ಬಸ್ ತಂಗುದಾಣದಲ್ಲಿ ನೋಡತಕ್ಕದ್ದು.